ಒರಟು ಮೇಲ್ಮೈ ಹೆಚ್ಚು ಹಿಡಿಯುತ್ತದೆ ಸರಿ, ಬೇಗ ಹಿಡಿಯುತ್ತದೆಯೇ?

ಪ್ರಶ್ನೆ: ನಾನು ರಸಾಯನವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ. ನೀರಿನಲ್ಲಿ ಕರಗಿದ ಬಣ್ಣವೊಂದು ಸಕ್ರಿಯ ಇಂಗಾಲದ ತರಿಗಳಿಗೆ ಎಷ್ಟು ವೇಗವಾಗಿ ಅಂಟುತ್ತದೆ ಎಂಬುದನ್ನು ಅಳೆಯುತ್ತಿದ್ದೇನೆ. ನೈಟ್ರೋಜನ್ ಅಧಿಶೋಷಣೆಯ (ಅಣುಗಳು ಮೇಲ್ಮೈಗೆ ಅಂಟುವುದರ) ರೇಖೆಯಿಂದ ಈ ಇಂಗಾಲದ ಮೇಲ್ಮೈಯ ಫ್ರ್ಯಾಕ್ಟಲ್ ಆಯಾಮ, ಅಂದರೆ ನಯವಾದ ಮೇಲ್ಮೈಗೆ 2 ಇದ್ದು ಒರಟಾದಷ್ಟೂ 3ರ ಕಡೆಗೆ ಏರುವ ಒರಟುತನದ ಅಳತೆ, 2.6 ಎಂದು ಬಂದಿದೆ. ಆ ಲೆಕ್ಕದಲ್ಲಿ ಅಂಟಿದ ಬಣ್ಣದ ಪ್ರಮಾಣವು ಕಾಲದ 0.2ನೇ ಘಾತದಂತೆ ಏರಬೇಕು ಎಂದು ಸಿದ್ಧಾಂತ ಹೇಳುತ್ತದೆ. ಮೊದಲ ಒಂದು ಗಂಟೆಯ ಅಳತೆಗಳಲ್ಲಿ ನನಗೆ ಸಿಗುತ್ತಿರುವುದು ಸುಮಾರು 0.4. ತಪ್ಪಿರುವುದು ಆಯಾಮದಲ್ಲೋ, ಸಿದ್ಧಾಂತದಲ್ಲೋ? ಅಲ್ಲದೆ, ಮೇಲ್ಮೈ ಹೆಚ್ಚು ಹೆಚ್ಚು ಒರಟಾದಷ್ಟೂ ಕಣಗಳು ಇನ್ನೂ ಬೇಗ ಅಂಟಬೇಕಲ್ಲವೇ?

ಉತ್ತರ: ನಿಮ್ಮ ಆಯಾಮವೂ ಸರಿಯಿರಬಹುದು, ಸಿದ್ಧಾಂತವೂ ಸರಿಯಿದೆ. ನೀವು ಒಂದರ ಪಕ್ಕ ಒಂದನ್ನಿಟ್ಟು ಹೋಲಿಸುತ್ತಿರುವ ಎರಡು ಸಂಖ್ಯೆಗಳು ಬೇರೆ ಬೇರೆ ಉದ್ದಗಳಿಗೆ ಸೇರಿದವು ಎಂಬುದೇ ಇಲ್ಲಿನ ತೊಡಕು. 2.6 ಎಂಬುದು ಕೆಲವೇ ನ್ಯಾನೋಮೀಟರ್‌ಗಳ ಮಟ್ಟದಲ್ಲಿ ಮೇಲ್ಮೈ ಹೇಗಿದೆ ಎಂಬುದನ್ನು ಹೇಳುತ್ತದೆ; ನಿಮ್ಮ ಗಡಿಯಾರ ಅಳೆದಿರುವುದು ಹತ್ತಾರು, ನೂರಾರು ಮೈಕ್ರೋಮೀಟರ್‌ಗಳ ಪ್ರಯಾಣವನ್ನು. ಎರಡನೆಯ ಪ್ರಶ್ನೆಗೆ ನೇರವಾದ ಉತ್ತರ ‘ಇಲ್ಲ’ ಎಂಬುದು. ಕಲಕದೆ ನಿಂತ ದ್ರವದಲ್ಲಿ, ಮೊದಲ ಕ್ಷಣದ ಒಂದು ಸಣ್ಣ ಅಂಶವನ್ನು ಬಿಟ್ಟರೆ, ಫ್ರ್ಯಾಕ್ಟಲ್ ಮೇಲ್ಮೈ ನಯವಾದ ಮೇಲ್ಮೈಗಿಂತ ಬೇಗ ಹಿಡಿಯುವುದಿಲ್ಲ, ಹೆಚ್ಚು ಹೊತ್ತು ಹಿಡಿಯುತ್ತಲೇ ಇರುತ್ತದೆ. ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ, ಏಕೆಂದರೆ ಧಾರಣ ಸಾಮರ್ಥ್ಯ, ಬಂದು ತಲುಪುವ ವೇಗ, ಅಂಟಿದ ಮೇಲೆ ಮೇಲ್ಮೈಯಲ್ಲೇ ನಡೆಯುವ ಅಲೆದಾಟ ಎಂಬ ಮೂರು ಬೇರೆ ಸಂಗತಿಗಳನ್ನು ಒಂದೇ ಆಯಾಮದಿಂದ ವಿವರಿಸಲು ಹೊರಡುವುದು ಈ ಕ್ಷೇತ್ರದಲ್ಲಿ ಬಹಳ ಸಾಮಾನ್ಯ.

ಮೊದಲು ಧಾರಣ ಸಾಮರ್ಥ್ಯವನ್ನು ತೆಗೆದುಕೊಳ್ಳೋಣ. ಸಣ್ಣ ಅಳತೆಗೋಲಿನಿಂದ ಅಳೆದಷ್ಟೂ ಕರಾವಳಿಯ ಉದ್ದ ಹೆಚ್ಚುತ್ತಾ ಹೋಗುತ್ತದೆ ಎಂಬ ವಿಚಾರವನ್ನು ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಚರ್ಚಿಸಿದರು. ಅದನ್ನು ಅಣುಗಳ ಮಟ್ಟಕ್ಕೆ ತಂದವರು ಫೈಫರ್ ಮತ್ತು ಅವ್ನೀರ್. 1980ರ ದಶಕದ ಆರಂಭದಲ್ಲಿ ಅವರು ಅಧಿಶೋಷಣೆಗೊಳ್ಳುವ ಅಣುವನ್ನೇ ಅಳತೆಗೋಲಾಗಿ ಬಳಸಿದರು. ಮೇಲ್ಮೈಯನ್ನು ಒಂದೇ ಪದರವಾಗಿ ಮುಚ್ಚಲು ಎಷ್ಟು ಅಣುಗಳು ಬೇಕು ಎಂಬುದನ್ನು ಬೇರೆ ಬೇರೆ ಗಾತ್ರದ ಅಣುಗಳಿಂದ ಅಳೆದರೆ, ಆ ಸಂಖ್ಯೆಯು ಅಣು ಆಕ್ರಮಿಸುವ ವಿಸ್ತೀರ್ಣದ ವಿಲೋಮ ಘಾತದಲ್ಲಿರುತ್ತದೆ, ಮತ್ತು ಆ ಘಾತವು ಫ್ರ್ಯಾಕ್ಟಲ್ ಆಯಾಮದ ಅರ್ಧದಷ್ಟಿರುತ್ತದೆ. ಆಯಾಮ 2 ಇರುವ ನಯವಾದ ಮೇಲ್ಮೈಯಲ್ಲಿ ನಾಲ್ಕು ಪಟ್ಟು ದೊಡ್ಡ ವಿಸ್ತೀರ್ಣದ ಅಣುವನ್ನು ಬಳಸಿದರೆ ಹಿಡಿಯುವ ಸಂಖ್ಯೆ ಕಾಲು ಭಾಗಕ್ಕೆ ಇಳಿಯುತ್ತದೆ, ಆಯಾಮ 2.5 ಇದ್ದರೆ ಅದು ಸುಮಾರು 5.7ರಲ್ಲಿ ಒಂದು ಭಾಗಕ್ಕೆ, ಆಯಾಮ 3ರ ಹತ್ತಿರವಿದ್ದರೆ ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ದೊಡ್ಡ ಅಣುವಿಗೆ ಸಣ್ಣ ಬಿರುಕುಗಳೊಳಗೆ ಜಾಗವೇ ಸಿಗುವುದಿಲ್ಲ.

ನಿಮ್ಮ 2.6 ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ನೈಟ್ರೋಜನ್ ಅಣು ಮೇಲ್ಮೈಯಲ್ಲಿ ಆಕ್ರಮಿಸುವ ವಿಸ್ತೀರ್ಣವನ್ನು 0.162 ಚದರ ನ್ಯಾನೋಮೀಟರ್ ಎಂದು ಹಿಡಿಯುವುದು ವಾಡಿಕೆ. ಮಲಗಿದ ಸ್ಥಿತಿಯಲ್ಲಿ ಅಂಟಿದ ಮೆಥಿಲೀನ್ ಬ್ಲೂ ಅಣುವಿಗೆ ಸುಮಾರು 1.3 ಚದರ ನ್ಯಾನೋಮೀಟರ್ ಎಂದು ಲೆಕ್ಕ ಹಾಕುತ್ತಾರೆ. ನಿಮ್ಮ ಬಣ್ಣವೂ ಅಷ್ಟೇ ಗಾತ್ರದ್ದಾಗಿದ್ದರೆ ಅದು ನೈಟ್ರೋಜನ್‌ಗಿಂತ ಎಂಟು ಪಟ್ಟು ದೊಡ್ಡದು. ನಯವಾದ ಮೇಲ್ಮೈಯಲ್ಲಾದರೆ ಅಣುಗಳ ಸಂಖ್ಯೆ ಎಂಟು ಪಟ್ಟು ಕಡಿಮೆಯಾಗುತ್ತಿತ್ತು, ಆಯಾಮ 2.6 ಎಂದಾಗ ಎಂಟರ 1.3ನೇ ಘಾತದಷ್ಟು, ಅಂದರೆ ಸುಮಾರು ಹದಿನೈದು ಪಟ್ಟು ಕಡಿಮೆಯಾಗುತ್ತದೆ. ಬೇರೆ ರೀತಿಯಲ್ಲಿ ಹೇಳುವುದಾದರೆ, ನೈಟ್ರೋಜನ್ ತೋರಿಸಿದ ವಿಸ್ತೀರ್ಣದಲ್ಲಿ ಸುಮಾರು 54 ಪ್ರತಿಶತ ಮಾತ್ರ ನಿಮ್ಮ ಬಣ್ಣಕ್ಕೆ ಲಭ್ಯ. ಸಮತೋಲನ ತಲುಪಿದ ಮೇಲೆ ಅಳೆದ ಗರಿಷ್ಠ ಪ್ರಮಾಣವನ್ನು ಈ ಸಂಖ್ಯೆಯೊಂದಿಗೆ ಹೋಲಿಸಿ ನೋಡಿ. ಅದು ಹೊಂದಿಕೊಂಡರೆ ನಿಮ್ಮ ಆಯಾಮದ ಮೇಲೆ ನಂಬಿಕೆಯಿಡಲು ವೇಗದ ಅಳತೆಗಿಂತ ಹೆಚ್ಚು ಗಟ್ಟಿಯಾದ ಕಾರಣ ಸಿಕ್ಕಂತಾಗುತ್ತದೆ.

ಆಯಾಮವನ್ನು ಪರೀಕ್ಷಿಸಲು ಎಕ್ಸ್-ಕಿರಣಗಳ ಅಲ್ಪಕೋನ ಚದುರಿಕೆ ಎಂಬ ಇನ್ನೊಂದು ದಾರಿಯಿದೆ. ನಯವಾದ ಮೇಲ್ಮೈಯಿಂದ ಚದುರಿದ ಕಿರಣದ ತೀವ್ರತೆ ಚದುರಿಕೆಯ ಅಲೆಸಂಖ್ಯೆಯ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಇಳಿದರೆ, ಫ್ರ್ಯಾಕ್ಟಲ್ ಮೇಲ್ಮೈಯಲ್ಲಿ ಆ ಘಾತವು ಆರರಿಂದ ಆಯಾಮವನ್ನು ಕಳೆದಷ್ಟಾಗುತ್ತದೆ. ಬೇಲ್ ಮತ್ತು ಶ್ಮಿಟ್ 1984ರಲ್ಲಿ ಲಿಗ್ನೈಟ್ ಕಲ್ಲಿದ್ದಲಿನಲ್ಲಿ 3.44 ಎಂಬ ಘಾತವನ್ನು ಕಂಡು ಆಯಾಮವನ್ನು 2.56 ಎಂದು ಪಡೆದರು. ಸೌಲಭ್ಯ ಸಿಕ್ಕರೆ ಈ ಅಳತೆಯನ್ನು ಮಾಡಿಸಿ, ಏಕೆಂದರೆ ಘಾತ ನಿಯಮ ಯಾವ ಉದ್ದದಿಂದ ಯಾವ ಉದ್ದದವರೆಗೆ ನಿಲ್ಲುತ್ತದೆ ಎಂಬುದನ್ನು ಅದು ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಪ್ರಯೋಗಗಳಲ್ಲಿ ವರದಿಯಾದ ಫ್ರ್ಯಾಕ್ಟಲ್‌ಗಳ ಬಗ್ಗೆ 1998ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಅವುಗಳ ವ್ಯಾಪ್ತಿ ಸರಾಸರಿ 1.3 ದಶಮಾನಗಳು (ಒಂದು ದಶಮಾನ ಎಂದರೆ ಹತ್ತು ಪಟ್ಟು), ಅಂದರೆ ಅತಿ ಸಣ್ಣ ಉದ್ದಕ್ಕೂ ಅತಿ ದೊಡ್ಡ ಉದ್ದಕ್ಕೂ ಇಪ್ಪತ್ತು ಪಟ್ಟಿನಷ್ಟೇ ಅಂತರ. ವ್ಯಾಪ್ತಿಯನ್ನು ಹೇಳದೆ ಬರೀ ಆಯಾಮವನ್ನು ಹೇಳುವುದು ಅರ್ಧ ಅಳತೆ ಎಂದೇ ನನ್ನ ಅಭಿಪ್ರಾಯ.

ಈಗ ಕಣಗಳು ದ್ರವದಿಂದ ಬಂದು ತಲುಪುವ ವೇಗದ ವಿಷಯ. ನೀವು ಬಳಸಿರುವ ನಿಯಮದ ಮೂಲ ಸರಳವಾಗಿದೆ. ಮುಟ್ಟಿದ ಕಣವನ್ನೆಲ್ಲ ಹಿಡಿದಿಟ್ಟುಕೊಳ್ಳುವ ಮೇಲ್ಮೈಯೊಂದನ್ನು ಊಹಿಸಿಕೊಳ್ಳಿ. ಒಂದು ನಿರ್ದಿಷ್ಟ ಕಾಲದೊಳಗೆ ಅದನ್ನು ತಲುಪಬಲ್ಲವು ಆ ಕಾಲದಲ್ಲಿ ವಿಸರಣೆಯಿಂದ, ಅಂದರೆ ಗೊತ್ತುಗುರಿಯಿಲ್ಲದ ಅಲೆದಾಟದಿಂದ, ಸಾಗಬಹುದಾದ ದೂರದೊಳಗಿರುವ ಕಣಗಳು ಮಾತ್ರ, ಮತ್ತು ಆ ದೂರ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಆದ್ದರಿಂದ ಹಿಡಿದ ಪ್ರಮಾಣವು ಮೇಲ್ಮೈಯ ಸುತ್ತ ಅಷ್ಟು ದಪ್ಪದ ದ್ರವದ ಹೊದಿಕೆಯ ಗಾತ್ರದ ಅನುಪಾತದಲ್ಲಿರುತ್ತದೆ. ನಯವಾದ ಮೇಲ್ಮೈಯಲ್ಲಿ ಹೊದಿಕೆಯ ಗಾತ್ರ ದಪ್ಪದಷ್ಟೇ ಬೆಳೆಯುತ್ತದೆ, ಹಾಗಾಗಿ ಪ್ರಮಾಣ ಕಾಲದ ವರ್ಗಮೂಲದಂತೆ ಏರುತ್ತದೆ. ಫ್ರ್ಯಾಕ್ಟಲ್ ಮೇಲ್ಮೈಯಲ್ಲಿ ದಪ್ಪ ಹೆಚ್ಚಿದಂತೆ ಹೊದಿಕೆಯು ಸಣ್ಣ ಸಣ್ಣ ಕೊರಕಲುಗಳನ್ನು ತುಂಬಿ ಮುಚ್ಚಿಬಿಡುವುದರಿಂದ ಅದರ ಗಾತ್ರ ನಿಧಾನವಾಗಿ, ದಪ್ಪದ ‘ಮೂರರಿಂದ ಆಯಾಮವನ್ನು ಕಳೆದ’ ಘಾತದಂತೆ ಬೆಳೆಯುತ್ತದೆ. ಕಾಲದ ಲೆಕ್ಕದಲ್ಲಿ ಅದರ ಅರ್ಧ. ಡಿ ಜೆನ್ 1982ರಲ್ಲಿ ಈ ದಿಕ್ಕಿನ ವಾದವನ್ನು ಮುಂದಿಟ್ಟರು. ಅದೇ ದಶಕದಲ್ಲಿ ನಿಕೋಶ್ ಮತ್ತು ಪಾಯ್‌ಕೋಶಿ, ಕಾಟ್ರೆಲ್ 1903ರಲ್ಲಿ ಕೊಟ್ಟ ವಿದ್ಯುದ್ವಾರದ ಸಮೀಕರಣವನ್ನು ಇದೇ ತರ್ಕದಿಂದ ಒರಟು ವಿದ್ಯುದ್ವಾರಗಳಿಗೆ ವಿಸ್ತರಿಸಿದರು.

ಒಂದು ಲೆಕ್ಕವನ್ನು ಕೊನೆಯವರೆಗೆ ಮಾಡಿದರೆ ವಿಷಯ ಸ್ಪಷ್ಟವಾಗುತ್ತದೆ. ಆಯಾಮ 2.5 ಇರುವ, 10 ನ್ಯಾನೋಮೀಟರ್‌ನಿಂದ 10 ಮೈಕ್ರೋಮೀಟರ್‌ವರೆಗೆ ಫ್ರ್ಯಾಕ್ಟಲ್ ಆಗಿರುವ ಮೇಲ್ಮೈಯನ್ನು ತೆಗೆದುಕೊಳ್ಳಿ. ಉದ್ದದಲ್ಲಿ ಸಾವಿರ ಪಟ್ಟು ವ್ಯಾಪ್ತಿಯಿರುವುದರಿಂದ ಇದರ ನಿಜವಾದ ವಿಸ್ತೀರ್ಣವು ಅದೇ ಅಗಲದ ನಯವಾದ ಹಾಳೆಯ ವಿಸ್ತೀರ್ಣಕ್ಕಿಂತ ಸಾವಿರದ ವರ್ಗಮೂಲದಷ್ಟು, ಅಂದರೆ ಸುಮಾರು 32 ಪಟ್ಟು ಹೆಚ್ಚು. ನೀರಿನಲ್ಲಿ ಬಣ್ಣದ ಅಣುವಿನ ವಿಸರಣಾ ಗುಣಾಂಕವನ್ನು ಸೆಕೆಂಡಿಗೆ 5×10⁻¹⁰ ಚದರ ಮೀಟರ್ ಎಂದು ಹಿಡಿಯೋಣ. 10 ನ್ಯಾನೋಮೀಟರ್ ಸಾಗಲು ಸುಮಾರು 0.2 ಮೈಕ್ರೋಸೆಕೆಂಡ್ ಸಾಕು. 10 ಮೈಕ್ರೋಮೀಟರ್‌ಗೆ 0.2 ಸೆಕೆಂಡ್ ಬೇಕು. 0.2 ಮೈಕ್ರೋಸೆಕೆಂಡ್ ಆದಾಗ ಒರಟು ಮೇಲ್ಮೈ ತನ್ನ ವಿಸ್ತೀರ್ಣಕ್ಕೆ ತಕ್ಕಂತೆ ನಯವಾದುದಕ್ಕಿಂತ 32 ಪಟ್ಟು ಹೆಚ್ಚು ಹಿಡಿದಿರುತ್ತದೆ. ಅಲ್ಲಿಂದ 0.2 ಸೆಕೆಂಡ್‌ವರೆಗೆ ಕಾಲ ಹತ್ತು ಲಕ್ಷ ಪಟ್ಟು ಬೆಳೆಯುವಾಗ ನಯವಾದ ಮೇಲ್ಮೈಯ ಗಳಿಕೆ ಸಾವಿರ ಪಟ್ಟು ಏರುತ್ತದೆ, ಒರಟು ಮೇಲ್ಮೈಯದು 32 ಪಟ್ಟು ಮಾತ್ರ. 32 ಪಟ್ಟಿನ ಆ ಮುನ್ನಡೆ ಅಲ್ಲಿಗೆ ಪೂರ್ತಿ ಕರಗಿಹೋಗುತ್ತದೆ. 0.2 ಸೆಕೆಂಡ್ ಆದ ಮೇಲೆ ದ್ರವದಲ್ಲಿ ಕಣಗಳು ಬರಿದಾದ ಪದರವು ಒರಟುತನಕ್ಕಿಂತ ದಪ್ಪವಾಗಿರುವುದರಿಂದ ದೂರದಿಂದ ಬರುವ ಕಣದ ಪಾಲಿಗೆ ಎರಡೂ ಮೇಲ್ಮೈಗಳು ಒಂದೇ, ಮತ್ತು ಎರಡೂ ಕಾಲದ ವರ್ಗಮೂಲದಂತೆಯೇ ಹಿಡಿಯುತ್ತವೆ.

ಹಾಗಾದರೆ ಆ 32 ಪಟ್ಟು ವಿಸ್ತೀರ್ಣದಿಂದ ಏನು ಪ್ರಯೋಜನ? ಚದರ ಮೀಟರಿಗೆ ಒಂದು ಮೈಕ್ರೋಮೋಲ್ ಹಿಡಿಯಬಲ್ಲ ಮೇಲ್ಮೈ, ಲೀಟರಿಗೆ ಹತ್ತು ಮೈಕ್ರೋಮೋಲ್ ಬಣ್ಣವಿರುವ ನಿಂತ ದ್ರಾವಣ ಎಂದಿಟ್ಟುಕೊಳ್ಳಿ. ವಿಸರಣೆಯೊಂದರಿಂದಲೇ ನಯವಾದ ಹಾಳೆ ತುಂಬಲು ಸುಮಾರು 16 ಸೆಕೆಂಡ್ ಸಾಕು, ನಂತರ ಅದು ನಿಂತುಬಿಡುತ್ತದೆ. ಒರಟು ಮೇಲ್ಮೈ ಅದೇ ವೇಗದಲ್ಲಿ ಹಿಡಿಯುತ್ತಾ 32 ಪಟ್ಟು ಹೆಚ್ಚು ತುಂಬಬೇಕಾದ್ದರಿಂದ, ಮತ್ತು ವರ್ಗಮೂಲದ ನಿಯಮದಲ್ಲಿ 32 ಪಟ್ಟು ಪ್ರಮಾಣಕ್ಕೆ ಸಾವಿರ ಪಟ್ಟು ಕಾಲ ಬೇಕಾದ್ದರಿಂದ, ಅದಕ್ಕೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಪ್ರಯೋಗಶಾಲೆಗಳಲ್ಲಿ ಕಲಕುವುದಕ್ಕೆ ಅಷ್ಟು ಒತ್ತು ಕೊಡುವುದು ಇದಕ್ಕಾಗಿಯೇ. ಕಲಕಿದಾಗ ಬರಿದಾದ ಪದರ ತೆಳುವಾಗುತ್ತದೆ, ಆದರೆ ಕೊರಕಲುಗಳ ಒಳಗೆ ಕಲಕುವಿಕೆ ತಲುಪುವುದಿಲ್ಲ ಎಂಬುದನ್ನು ಮರೆಯಬಾರದು.

ತುಂಬುವ ಈ ಕೆಲಸ ಎಲ್ಲ ಕಡೆ ಸಮವಾಗಿಯೂ ನಡೆಯುವುದಿಲ್ಲ. ಹೊರಗೆ ಚಾಚಿದ ತುದಿಗಳು ಬರುವ ಕಣಗಳನ್ನು ಮೊದಲೇ ಹಿಡಿದುಬಿಡುವುದರಿಂದ ಒಳಗಿನ ಕೊಲ್ಲಿಗಳು ಮರೆಯಲ್ಲಿ ಉಳಿಯುತ್ತವೆ. ವಿಟನ್ ಮತ್ತು ಸ್ಯಾಂಡರ್ 1981ರಲ್ಲಿ ವಿವರಿಸಿದ, ಅಲೆದಾಡುತ್ತಾ ಬಂದ ಕಣಗಳು ಅಂಟಿ ಅಂಟಿ ಬೆಳೆಯುವ ಕವಲೊಡೆದ ಗುಚ್ಛಗಳು ರೂಪುಗೊಳ್ಳುವುದೂ ಇದೇ ಕಾರಣದಿಂದ: ತುದಿಗಳಿಗೆ ಹೆಚ್ಚು ಸಿಗುತ್ತದೆ, ತುದಿಗಳು ಇನ್ನೂ ಚಾಚುತ್ತವೆ, ಸಮತಲದಲ್ಲಿ ಅವುಗಳ ಆಯಾಮ ಸುಮಾರು 1.71 ಆಗುತ್ತದೆ. ಗಣಿತಜ್ಞ ಮಕರೋವ್ 1985ರಲ್ಲಿ ಸಾಧಿಸಿದ ಪ್ರಮೇಯವೊಂದು ಈ ಮರೆಯ ಕುರಿತು ಅಚ್ಚರಿಯ ಮಾತನ್ನು ಹೇಳುತ್ತದೆ. ಸಮತಲದಲ್ಲಿ ಗಡಿರೇಖೆ ಎಷ್ಟೇ ಅಂಕುಡೊಂಕಾಗಿರಲಿ, ದೂರದಿಂದ ಅಲೆದಾಡುತ್ತಾ ಬಂದು ಮೊದಲ ಸಲ ಮುಟ್ಟುವ ಕಣಗಳು ಹಂಚಿಕೊಳ್ಳುವ ಭಾಗದ ಆಯಾಮ ಯಾವಾಗಲೂ 1 ಆಗಿರುತ್ತದೆ. ಗಡಿಯ ಉದ್ದ ಎಷ್ಟೇ ಬೆಳೆದರೂ ಕೆಲಸ ಮಾಡುವ ಭಾಗವು ಒಟ್ಟು ಆಕಾರದ ಅಗಲದಷ್ಟೇ ಇರುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಮೂರು ಆಯಾಮಗಳಲ್ಲಿ ಈ ಪ್ರಮೇಯ ಇದೇ ರೂಪದಲ್ಲಿ ನಿಲ್ಲುವುದಿಲ್ಲ, ಆದರೆ ಮರೆಯ ಪರಿಣಾಮ ಅಲ್ಲಿಯೂ ಇದೆ.

ಮುಟ್ಟಿದ ಕೂಡಲೇ ಅಂಟುವ ಕಣಗಳಿಗಷ್ಟೇ ಈ ಮಾತು ಅನ್ವಯಿಸುತ್ತದೆ ಎಂಬುದು ಬಹಳ ಮುಖ್ಯ. ಕಣವು ಹಲವಾರು ಸಲ ಮುಟ್ಟಿ, ಪುಟಿದು, ಕೊನೆಗೊಮ್ಮೆ ಅಂಟುವುದಾದರೆ ಅದು ತುದಿಯನ್ನು ದಾಟಿ ಒಳಗೆ ನುಗ್ಗುತ್ತದೆ. ವಿಸರಣಾ ಗುಣಾಂಕವನ್ನು ಮೇಲ್ಮೈಯ ಹಿಡಿಯುವ ದರದಿಂದ ಭಾಗಿಸಿದರೆ ಒಂದು ಉದ್ದ ಸಿಗುತ್ತದೆ. ಕಣವು ಅಂಟುವ ಮೊದಲು ಸುಮಾರು ಎಷ್ಟು ಉದ್ದದ ಗಡಿಯನ್ನು ತಡವುತ್ತದೆ ಎಂಬುದನ್ನು ಅದು ಸೂಚಿಸುತ್ತದೆ. ಸಪೋವಾಲ್ ಮತ್ತು ಸಂಗಡಿಗರು ಈ ಉದ್ದವನ್ನು ಆಧಾರವಾಗಿಟ್ಟುಕೊಂಡು ಇಡೀ ವಿಷಯವನ್ನು ಕಟ್ಟಿದರು. ಮಡಿಕೆಗಳನ್ನೆಲ್ಲ ಬಿಡಿಸಿ ಅಳೆದ ಗಡಿಯ ಉದ್ದಕ್ಕಿಂತ ಈ ಉದ್ದ ದೊಡ್ಡದಾಗಿದ್ದರೆ ಮೇಲ್ಮೈಯ ಪ್ರತಿ ಭಾಗವೂ ಸಮಾನವಾಗಿ ಕೆಲಸ ಮಾಡುತ್ತದೆ. ಅತಿ ಸಣ್ಣ ಕೊರಕಲಿಗಿಂತಲೂ ಚಿಕ್ಕದಾಗಿದ್ದರೆ ತುದಿಗಳು ಮಾತ್ರ. ಶ್ವಾಸಕೋಶದ ಕೊನೆಯ ಕವಲುಗಳಲ್ಲಿ ಆಮ್ಲಜನಕದ ವರ್ಗಾವಣೆಯನ್ನು ಅವರು ಇದರಿಂದಲೇ ವಿಶ್ಲೇಷಿಸಿ, ವಿಶ್ರಾಂತಿಯಲ್ಲಿರುವಾಗ ಒಳಭಾಗ ಸ್ವಲ್ಪಮಟ್ಟಿಗೆ ಮರೆಯಲ್ಲಿರುತ್ತದೆ, ಶ್ರಮದ ಕೆಲಸದಲ್ಲಿ ಗಾಳಿ ಇನ್ನೂ ಒಳಗೆ ತಲುಪಿದಾಗ ಆ ಮರೆ ಕಡಿಮೆಯಾಗುತ್ತದೆ ಎಂದು ತೋರಿಸಿದರು. ದುರ್ಬಲವಾಗಿ ಅಂಟುವ ಕಣವೇ ಒರಟು ಮೇಲ್ಮೈಯನ್ನು ಪೂರ್ತಿಯಾಗಿ, ಸಮವಾಗಿ ಮುಚ್ಚುತ್ತದೆ ಎಂಬುದು ಮೊದಲ ಓದಿಗೆ ವಿಚಿತ್ರವೆನಿಸಿದರೂ ಅದರ ಹಿಂದಿನ ತರ್ಕ ಇಷ್ಟೇ.

ಇನ್ನು ಅಂಟಿದ ಕಣ ಮೇಲ್ಮೈಯಲ್ಲೇ ಸರಿದಾಡುವುದನ್ನು ನೋಡೋಣ. ಸಾಮಾನ್ಯ ಸಮತಲದಲ್ಲಿ ಎರಡು ಪಟ್ಟು ದೂರ ಹೋಗಲು ನಾಲ್ಕು ಪಟ್ಟು ಕಾಲ ಬೇಕು. ತ್ರಿಕೋನದೊಳಗೆ ತ್ರಿಕೋನವನ್ನು ತೆಗೆಯುತ್ತಾ ಹೋದಾಗ ಸಿಗುವ ಸಿಯರ್‌ಪಿನ್‌ಸ್ಕಿ ಜಾಲದಲ್ಲಿ ಅದೇ ದೂರಕ್ಕೆ ನಿಖರವಾಗಿ ಐದು ಪಟ್ಟು ಕಾಲ ಬೇಕಾಗುತ್ತದೆ, ಏಕೆಂದರೆ ಪ್ರತಿ ಮಟ್ಟದಲ್ಲೂ ಇರುವ ತೂತುಗಳು ದಾರಿಯನ್ನು ಕಿರಿದುಗೊಳಿಸುತ್ತವೆ. ಕಾಲ ಮತ್ತು ದೂರಗಳನ್ನು ಬೆಸೆಯುವ ಈ ಘಾತವನ್ನು ನಡಿಗೆಯ ಆಯಾಮ ಎನ್ನುತ್ತಾರೆ. ಸಮತಲಕ್ಕೆ ಅದು 2, ಈ ಜಾಲಕ್ಕೆ 2.32. ಕಾಖ್‌ನ ಹಿಮರೇಖೆಯಲ್ಲಾದರೋ ಮೂರು ಪಟ್ಟು ದೂರಕ್ಕೆ ರೇಖೆಯ ಉದ್ದ ನಾಲ್ಕು ಪಟ್ಟು ಇರುವುದರಿಂದ ಹದಿನಾರು ಪಟ್ಟು ಕಾಲ ಬೇಕು, ನಡಿಗೆಯ ಆಯಾಮ 2.52. ಆದರೆ ರೇಖೆಯ ಉದ್ದಕ್ಕೇ ಅಳೆದರೆ ಆ ಕಣದ ನಡಿಗೆ ತೀರ ಸಾಮಾನ್ಯ. ಹೊರಗಿನಿಂದ ನೇರ ದೂರವನ್ನು ಅಳೆಯುವವರಿಗೆ ಮಾತ್ರ ಅದು ನಿಧಾನವಾಗಿ ಕಾಣುತ್ತದೆ. ಮಡಿಕೆಗಳಿಂದ ಒರಟಾದ ಮೇಲ್ಮೈಯೂ ತೂತುಗಳಿಂದ ಒರಟಾದ ಮೇಲ್ಮೈಯೂ ಒಂದೇ ಫ್ರ್ಯಾಕ್ಟಲ್ ಆಯಾಮವನ್ನು ತೋರಿಸಬಹುದು, ಅವುಗಳ ಮೇಲಿನ ಅಲೆದಾಟ ಮಾತ್ರ ಬೇರೆ ಬೇರೆಯಾಗಿರುತ್ತದೆ. ನೈಟ್ರೋಜನ್ ಅಳತೆಯಿಂದ ಬಂದ ಸಂಖ್ಯೆಯೊಂದರಿಂದ ಮೇಲ್ಮೈ ವಿಸರಣೆಯ ಘಾತವನ್ನು ಊಹಿಸಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಫ್ರ್ಯಾಕ್ಟಲ್ ಆಯಾಮದ ಎರಡು ಪಟ್ಟನ್ನು ನಡಿಗೆಯ ಆಯಾಮದಿಂದ ಭಾಗಿಸಿದರೆ, ಅಲೆಗ್ಸಾಂಡರ್ ಮತ್ತು ಆರ್ಬಾಕ್ 1982ರಲ್ಲಿ ಮುನ್ನೆಲೆಗೆ ತಂದ ರೋಹಿತ ಆಯಾಮ ಸಿಗುತ್ತದೆ. ಅದು 2ಕ್ಕಿಂತ ಕಡಿಮೆಯಿದ್ದರೆ ಕಣವು ತುಳಿದ ಜಾಗವನ್ನೇ ಮತ್ತೆ ಮತ್ತೆ ತುಳಿಯುತ್ತದೆ, ಹೊಸ ಜಾಗ ಕಾಣುವ ದರ ಕಾಲ ಕಳೆದಂತೆ ಕುಗ್ಗುತ್ತದೆ. ಮೇಲ್ಮೈಯಲ್ಲಿ ಎರಡು ಕಣಗಳು ಒಂದನ್ನೊಂದು ಹುಡುಕಿ ಕೂಡಬೇಕಾದ ಕ್ರಿಯೆಗಳಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ: ದರ ಗುಣಾಂಕವೇ ಸ್ಥಿರವಾಗಿರದೆ ಕಾಲದೊಂದಿಗೆ ಇಳಿಯುತ್ತದೆ. ಕೋಪೆಲ್‌ಮನ್ 1988ರಲ್ಲಿ ಈ ಬಗೆಯ ಕ್ರಿಯಾವೇಗವನ್ನು ವಿವರಿಸಿದರು. ರೋಹಿತ ಆಯಾಮ ಸುಮಾರು 4/3 ಇರುವ ಬಿಡಿಬಿಡಿಯಾದ ಜಾಲಗಳಲ್ಲಿ ಆ ಇಳಿತ ಕಾಲದ ಮೂರನೇ ಒಂದು ಘಾತದಷ್ಟು.

ಈಗ ನಿಮ್ಮ 0.4ಕ್ಕೆ ಬರೋಣ. ಮೇಲೆ ಹೇಳಿದ ವಿಸರಣಾ ಗುಣಾಂಕದಲ್ಲಿ ಬಣ್ಣದ ಅಣು ತೆರೆದ ನೀರಿನಲ್ಲಿ ಒಂದು ಸೆಕೆಂಡಿನಲ್ಲಿ ಸುಮಾರು 22 ಮೈಕ್ರೋಮೀಟರ್, ಒಂದು ಗಂಟೆಯಲ್ಲಿ 1.3 ಮಿಲಿಮೀಟರ್ ಸಾಗುತ್ತದೆ. ನೈಟ್ರೋಜನ್ ಕಂಡ ನ್ಯಾನೋಮೀಟರ್ ಮಟ್ಟದ ಒರಟುತನ ಈ ಕಾಲದ ಕಿಟಕಿಯಲ್ಲಿ 0.2 ಎಂಬ ಘಾತವನ್ನು ಕೊಡಲು ದಾರಿಯೇ ಇಲ್ಲ. ಆ ಘಾತ ಕಾಣಿಸಿಕೊಳ್ಳಬೇಕಾದ ಕಾಲ ನಿಮ್ಮ ಮೊದಲ ಅಳತೆಗೂ ಬಹಳ ಮೊದಲೇ ಮುಗಿದಿರುತ್ತದೆ. ನಿಮ್ಮಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಬಣ್ಣವು ತರಿಯ ರಂಧ್ರಗಳೊಳಗೆ ನುಗ್ಗುವ ಪ್ರಯಾಣ. ರಂಧ್ರದ ಗೋಡೆಗೆ ಅಂಟುತ್ತಾ ಬಿಡುತ್ತಾ ಸಾಗುವುದರಿಂದ ಅಲ್ಲಿ ಪರಿಣಾಮಕಾರಿ ವಿಸರಣಾ ಗುಣಾಂಕ ತುಂಬ ಕಡಿಮೆ; ಅದು ಸೆಕೆಂಡಿಗೆ 10⁻¹² ಚದರ ಮೀಟರ್ ಇದ್ದರೆ ಒಂದು ಗಂಟೆಯಲ್ಲಿ ಬಣ್ಣ ಸುಮಾರು 60 ಮೈಕ್ರೋಮೀಟರ್ ಒಳಗೆ ಹೋಗಿರುತ್ತದೆ. ಇಂಥ ಪ್ರಯಾಣ ಮೊದಲು 0.5ರ ಘಾತವನ್ನು ತೋರಿಸಿ, ತರಿಯ ಒಳಭಾಗ ತುಂಬತೊಡಗಿದಂತೆ ಅಥವಾ ದ್ರಾವಣದಲ್ಲಿ ಬಣ್ಣ ಕಡಿಮೆಯಾದಂತೆ ಬಾಗುತ್ತದೆ. ಲಾಗ್-ಲಾಗ್ ನಕ್ಷೆಯಲ್ಲಿ ಆ ಬಾಗುವಿಕೆಯ ಮೇಲೆ ಒಂದು ನೇರ ಗೆರೆ ಎಳೆದರೆ 0.4 ಸುಲಭವಾಗಿ ಸಿಗುತ್ತದೆ.

ಆದ್ದರಿಂದ ಮೊದಲು ಒಂದೇ ಗೆರೆ ಎಳೆಯುವುದನ್ನು ಬಿಟ್ಟು ಪ್ರತಿ ಕಾಲದಲ್ಲಿ ಇಳಿಜಾರು ಎಷ್ಟಿದೆ ಎಂಬುದನ್ನು ಗುರುತಿಸಿ. ಕಾಲ ಕನಿಷ್ಠ ಎರಡು ದಶಮಾನಗಳಷ್ಟು, ಅಂದರೆ ನೂರು ಪಟ್ಟು, ಬೆಳೆಯುವವರೆಗೆ ಇಳಿಜಾರು ಸಮನಾಗಿ ನಿಲ್ಲದಿದ್ದರೆ ಅದನ್ನು ಘಾತವೆಂದು ಕರೆಯಬೇಡಿ. ನಂತರ ಅದೇ ಇಂಗಾಲವನ್ನು ಜರಡಿ ಹಿಡಿದು, ಅರ್ಧ ಗಾತ್ರದ ತರಿಗಳಲ್ಲಿ ಪ್ರಯೋಗವನ್ನು ಮತ್ತೊಮ್ಮೆ ಮಾಡಿ. ತುಂಬುವ ಕಾಲ ಸುಮಾರು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿದರೆ ತರಿಯೊಳಗಿನ ವಿಸರಣೆಯೇ ವೇಗವನ್ನು ನಿರ್ಧರಿಸುತ್ತಿದೆ. ಏನೂ ಬದಲಾಗದಿದ್ದರೆ ಮೇಲ್ಮೈಯಲ್ಲಿ ಅಂಟುವ ಹಂತವೇ ನಿಧಾನ ಎಂದರ್ಥ.

ಅಷ್ಟಾದರೂ ಅಸಹಜ ಘಾತ ಉಳಿದುಕೊಂಡರೆ ತಾಪಮಾನವನ್ನು ಬದಲಿಸಿ ನೋಡಿ. ಆಳದ ಬಿರುಕಿನಲ್ಲಿ ಅಣುವನ್ನು ಹಲವು ಬದಿಗಳಿಂದ ಗೋಡೆ ಹಿಡಿದುಕೊಳ್ಳುವುದರಿಂದ ಅಲ್ಲಿ ಬಂಧ ಬಲವಾಗಿರುತ್ತದೆ, ಅಣು ಬಹಳ ಹೊತ್ತು ಸಿಕ್ಕಿಬೀಳುತ್ತದೆ; ಇಂಥ ಕಾಯುವಿಕೆಗಳ ಹರಹು ವಿಶಾಲವಾಗಿದ್ದಾಗ, ಆಕಾರ ಪೂರ್ತಿ ನಯವಾಗಿದ್ದರೂ, ಫ್ರ್ಯಾಕ್ಟಲ್‌ನದೇ ಎನಿಸುವ ಘಾತ ಬರುತ್ತದೆ. ಆಕಾರದಿಂದ ಬಂದ ಘಾತ ತಾಪಮಾನದೊಂದಿಗೆ ಬದಲಾಗುವುದಿಲ್ಲ, ಎಲ್ಲ ಕಾಲಗಳೂ ಒಟ್ಟಾಗಿ ಚಿಕ್ಕವಾಗುತ್ತವೆ ಅಷ್ಟೇ. ಸಿಕ್ಕಿಬೀಳುವಿಕೆಯಿಂದ ಬಂದ ಘಾತ ತಾಪಮಾನ ಏರಿದಂತೆ ಸಹಜ ಬೆಲೆಯ ಕಡೆಗೆ ಏರುತ್ತದೆ. ನೀರಿನಲ್ಲಿ ನಿಮಗೆ ಸಿಗುವ ತಾಪಮಾನದ ಅಂತರ ಚಿಕ್ಕದು, ಆದ್ದರಿಂದ 15 ಮತ್ತು 60 ಡಿಗ್ರಿ ಸೆಲ್ಸಿಯಸ್‌ನಂಥ ಎರಡು ತುದಿಗಳನ್ನಾದರೂ ಆರಿಸಿಕೊಳ್ಳಿ, ಮತ್ತು ಪ್ರತಿ ತಾಪಮಾನದಲ್ಲೂ ಸಮತೋಲನದ ಗರಿಷ್ಠ ಪ್ರಮಾಣವನ್ನು ಬೇರೆಯಾಗಿ ಅಳೆದು, ಅಂಟಿದ ಪ್ರಮಾಣವನ್ನು ಅದರಿಂದ ಭಾಗಿಸಿದ ಮೇಲೆಯೇ ಘಾತಗಳನ್ನು ಹೋಲಿಸಿ.